ಬೀರುವಿನ ಬೀಗ ತೆಗೆಸಿ: ಕಾಲೇಜು ಶಿಕ್ಷಣ ಇಲಾಖೆಯ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರಿಗೆ,
ಕಾಲೇಜು ಶಿಕ್ಷಣ ಇಲಾಖೆ, ಬೆಂಗಳೂರು

ಮಾನ್ಯರೇ,

ನಮ್ಮ ರಾಜ್ಯದಲ್ಲಿ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಬಹುಪಾಲು ತಾಲ್ಲೂಕು ಕೇಂದ್ರಗಳಲ್ಲಿ, ಕೆಲವು ಹೋಬಳಿ ಊರುಗಳಲ್ಲೂ. ಅಲ್ಲಿಗೆ ಬರುವ ಹುಡುಗ ಹುಡುಗಿಯರಲ್ಲಿ ಬಹಳ ಮಂದಿಯ ಮನೆಯಲ್ಲಿ ಪುಸ್ತಕಗಳಿಲ್ಲ, ಊರಿನಲ್ಲಿ ಪುಸ್ತಕದಂಗಡಿ ಇಲ್ಲ. ಬಸ್ ಸ್ಟ್ಯಾಂಡಿನ ಎದುರಿನ ಸ್ಟೇಷನರಿ ಅಂಗಡಿಯಲ್ಲಿ ಸಿಗುವುದು ಗೈಡು, ಕ್ವೆಶ್ಚನ್ ಬ್ಯಾಂಕು, ಸ್ಪರ್ಧಾತ್ಮಕ ಪರೀಕ್ಷೆಯ ಮಾಸಪತ್ರಿಕೆ. ಇವುಗಳ ಆಚೆಗಿನ ಒಂದು ಪುಸ್ತಕ ಅವರ ಕೈಗೆ ಸಿಗುವುದಾದರೆ ಅದು ಕಾಲೇಜಿನ ಲೈಬ್ರರಿಯಲ್ಲೇ ಸಿಗಬೇಕು. ಸರ್ಕಾರಿ ಕಾಲೇಜುಗಳಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು, ಕೆಲವು ಕಡೆ ಗ್ರಂಥಾಲಯ ಸಮಿತಿಯಲ್ಲೂ ಇದ್ದವನು. ಆ ಅನುಭವದ ಮೇಲೆ ತಮ್ಮಲ್ಲಿ ಒಂದು ಕೋರಿಕೆ ಇಡುತ್ತಿದ್ದೇನೆ. ಲೈಬ್ರರಿಯ ಬೀರುಗಳ ಬೀಗ ತೆಗೆಸಿ. ಪತ್ರ ಉದ್ದವಾಗಿದೆ, ಆದರೆ ಮುಂದೆ ಬರುವುದೆಲ್ಲ ಈ ಕೋರಿಕೆಯ ವಿವರವೇ.

ತಾವು ಕಾಲೇಜಿನ ಭೇಟಿಗೆ ಹೋದಾಗ ಬೀಗ ಕಾಣುವುದಿಲ್ಲ. ಅಂದು ಬೀರುಗಳು ತೆರೆದಿರುತ್ತವೆ, ನೆಲ ಒರೆಸಿರುತ್ತಾರೆ, ಹೊಸ ಪುಸ್ತಕಗಳನ್ನು ಮೇಜಿನ ಮೇಲೆ ಜೋಡಿಸಿ ಟೇಬಲ್ ಕ್ಲಾತ್ ಹಾಸಿರುತ್ತಾರೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗಲೂ ಅಷ್ಟೇ. ಮಾಮೂಲಿ ದಿನ ಹೇಗಿರುತ್ತದೆ ಅಂತ ಹೇಳುತ್ತೇನೆ. ಬಾಗಿಲಿನ ಒಳಗೆ ಎರಡು ಹೆಜ್ಜೆ ಇಟ್ಟರೆ ಒಂದು ಕೌಂಟರ್. ವಿದ್ಯಾರ್ಥಿ ಅಲ್ಲೇ ನಿಲ್ಲಬೇಕು. ಕೌಂಟರಿನ ಆಚೆ ಸಾಲಾಗಿ ಗಾಡ್ರೆಜ್ ಬೀರುಗಳು. ಕೆಲವಕ್ಕೆ ಗಾಜಿನ ಬಾಗಿಲು. ಪುಸ್ತಕದ ಬೆನ್ನು ಮಾತ್ರ ಕಾಣುತ್ತದೆ, ಅದೂ ರಟ್ಟು ಕಟ್ಟಿಸಿದ್ದಾದರೆ ಹೆಸರಿನ ಜಾಗದಲ್ಲಿ ಬರೀ ನಂಬರು. ಕೌಂಟರಿನ ಮೇಲೆ ಹಳೇ ಪ್ರಶ್ನೆಪತ್ರಿಕೆಯನ್ನು ನಾಲ್ಕು ತುಂಡು ಮಾಡಿದ ಚೀಟಿಗಳಿರುತ್ತವೆ.

"ಏನ್ ಪುಸ್ತಕ ಬೇಕಮ್ಮ? ಹೆಸರು ಬರೆದುಕೊಡು."

ಬಿ.ಎ. ಮೊದಲ ವರ್ಷದ ಹುಡುಗಿ ಚೀಟಿ ಹಿಡಿದುಕೊಂಡು ನಿಲ್ಲುತ್ತಾಳೆ. ಏನು ಬೇಕು ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ಇರುವುದನ್ನು ನೋಡಿದ್ದರಲ್ಲವೇ ಬೇಕಾದದ್ದು ತಿಳಿಯುವುದು. ಕ್ಲಾಸಿನಲ್ಲಿ ಹೇಳಿದ ಪಠ್ಯದ ಹೆಸರೊಂದನ್ನು ಬರೆಯುತ್ತಾಳೆ. ಅಟೆಂಡರ್ ಒಳಗೆ ಹೋಗಿ ಬಂದು "ಇಲ್ಲಮ್ಮ, ಎಲ್ಲ ಇಶ್ಯೂ ಆಗಿದೆ" ಅನ್ನುತ್ತಾರೆ. ಅವಳು ಗೆಳತಿಯ ಕಡೆ ನೋಡಿ, ಚೀಟಿ ಮಡಿಸಿ ಬ್ಯಾಗಿಗೆ ಹಾಕಿಕೊಂಡು ಹೊರಡುತ್ತಾಳೆ. ಅದೇ ಹೊತ್ತಿನಲ್ಲಿ ಅವಳ ಎದುರಿನ ಬೀರುವಿನಲ್ಲಿ, ಕನ್ನಡ ಸಾಹಿತ್ಯದ ವರ್ಗಸಂಖ್ಯೆಯಾದ 894.814 ಅಂತ ಲೇಬಲ್ ಅಂಟಿಸಿದ ಸಾಲಿನಲ್ಲಿ, ಕನ್ನಡದ ಕಥೆ, ಕಾದಂಬರಿ, ಕಾವ್ಯ, ನಾಟಕ ನೂರಾರು ಇರುತ್ತವೆ. ಡ್ಯೂ ಡೇಟ್ ಸ್ಲಿಪ್ಪಿನ ಮೇಲೆ ಒಂದು ಮುದ್ರೆಯೂ ಬೀಳದ ಪುಸ್ತಕಗಳು. ಸಮಿತಿಯ ಕೆಲಸಕ್ಕೆ ಅಂತ ಬೀರು ತೆಗೆಸಿ ನೋಡಿದಾಗಲೆಲ್ಲ ಅಂಥ ಸ್ಲಿಪ್ಪುಗಳನ್ನು ಕಂಡಿದ್ದೇನೆ. ಅಂಟು ಒಣಗಿ ಸ್ಲಿಪ್ಪೇ ಕಿತ್ತು ಬರುತ್ತಿತ್ತು. ಪುಟಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತಿದ್ದವು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗೆ ಎಲ್ಲರೂ ಬೈಯುವುದು ಗ್ರಂಥಪಾಲಕರನ್ನೇ. ಸ್ಟಾಫ್ ರೂಮಿನಲ್ಲಿ ಆ ಮಾತು ಸಾಕಷ್ಟು ಕೇಳಿದ್ದೇನೆ. ಆದರೆ ಬೀಗ ಹಾಕಿಸಿದವರು ಅವರಲ್ಲ. ಅದನ್ನು ಹಾಕಿಸಿದ್ದು ಸ್ಟಾಕ್ ವೆರಿಫಿಕೇಷನ್, ಅಂದರೆ ಪುಸ್ತಕಗಳನ್ನು ಎಣಿಸಿ ಲೆಕ್ಕ ನೋಡುವ ತಪಾಸಣೆ.

ಸರ್ಕಾರದ ಲೆಕ್ಕದಲ್ಲಿ ಪುಸ್ತಕ ಎಂದರೆ ಮೇಜು, ಕುರ್ಚಿ, ಸೀಲಿಂಗ್ ಫ್ಯಾನಿನ ಥರದ ಒಂದು ಸಾಮಾನು. ಬಂದ ಪುಸ್ತಕಗಳನ್ನೆಲ್ಲ ದಾಖಲಿಸುವ ಅಕ್ಸೆಷನ್ ರಿಜಿಸ್ಟರಿನಲ್ಲಿ ಒಂದು ನಂಬರು ಬಿದ್ದ ಮೇಲೆ ಅದು ಗ್ರಂಥಪಾಲಕರ ಹೆಗಲಿನ ಹೊರೆ. ಎಣಿಸುವ ದಿನ ಆ ನಂಬರಿನ ಎದುರು ಪುಸ್ತಕ ಇರಬೇಕು. ಯಾರು ಓದಿದರು, ಎಷ್ಟು ಜನ ಓದಿದರು ಅನ್ನುವ ಕಾಲಂ ಆ ನಮೂನೆಯಲ್ಲಿ ಇಲ್ಲ. ಹತ್ತು ವರ್ಷ ಒಂದು ಪುಸ್ತಕವನ್ನೂ ಹೊರಗೆ ಬಿಡದವರ ಲೈಬ್ರರಿ ಆಡಿಟ್‌ನಲ್ಲಿ ಶುದ್ಧ. ಸಾವಿರಾರು ಪುಸ್ತಕ ಓದಿಸಿ ಮೂವತ್ತು ಕಳೆದವರ ಮೇಲೆ ಆಕ್ಷೇಪಣೆ.

ನನ್ನ ಜೊತೆ ಕೆಲಸ ಮಾಡಿದ ಒಬ್ಬ ಗ್ರಂಥಪಾಲಕರಿದ್ದರು. ಹುಡುಗರಿಗೆ ಧಾರಾಳವಾಗಿ ಪುಸ್ತಕ ಕೊಡುತ್ತಿದ್ದವರು. ಕಾರ್ಡು ತರದಿದ್ದರೂ ಹೆಸರು ಬರೆದುಕೊಂಡು ಕೊಟ್ಟು ಕಳಿಸುತ್ತಿದ್ದರು. ನಿವೃತ್ತಿ ಹತ್ತಿರ ಬಂದಾಗ ಚಾರ್ಜ್ ಕೊಡಲು ರಿಜಿಸ್ಟರ್ ಬಿಚ್ಚಿದರೆ ಎಷ್ಟೋ ನಂಬರುಗಳಿಗೆ ಪುಸ್ತಕವೇ ಇಲ್ಲ. ಕೆಲವನ್ನು ಗೆದ್ದಲು ತಿಂದಿತ್ತು. ಕೆಲವು ಇವರಿಗಿಂತ ಹಿಂದೆ ಇದ್ದವರ ಕಾಲದಲ್ಲೇ ಹೋಗಿದ್ದವು, ಚಾರ್ಜ್ ತೆಗೆದುಕೊಳ್ಳುವಾಗ ಇವರು ಎಣಿಸದೆ ಸಹಿ ಹಾಕಿದ್ದರು. ಇನ್ನು ಕೆಲವು ವರ್ಗವಾಗಿ ಹೋದ ಉಪನ್ಯಾಸಕರ ಮನೆಯಲ್ಲಿ ಆರಾಮಾಗಿದ್ದವು. (ಕಾಲೇಜು ಲೈಬ್ರರಿಯ ಪುಸ್ತಕ ಹೆಚ್ಚಾಗಿ ಕಳೆಯುವುದು ಹುಡುಗರ ಕೈಯಲ್ಲಿ ಅಂತ ಯಾರಾದರೂ ತಮಗೆ ಹೇಳಿದರೆ ನಂಬಬೇಡಿ. ಹುಡುಗರಿಂದ ವಸೂಲಿ ಮಾಡಲು ಟಿ.ಸಿ. ಇದೆ, ಹಾಲ್ ಟಿಕೆಟ್ ಇದೆ. ನಮ್ಮಿಂದ ವಸೂಲಿ ಮಾಡಲು ಏನೂ ಇಲ್ಲ.) ಬಾಕಿ ಇಲ್ಲ ಎಂಬ ಪ್ರಮಾಣಪತ್ರ ಸಿಗದೆ ಅವರ ಪಿಂಚಣಿ ಕಾಗದ ಮುಂದೆ ಹೋಗಲಿಲ್ಲ. ದುಡ್ಡು ಕಟ್ಟುತ್ತೇನೆ ಅಂದರೆ ಯಾವ ಬೆಲೆಗೆ? ರಿಜಿಸ್ಟರಿನಲ್ಲಿ ಹನ್ನೆರಡು ರೂಪಾಯಿ ಅಂತ ಇದ್ದ ಪುಸ್ತಕ ಈಗ ಅಚ್ಚಿನಲ್ಲೇ ಇಲ್ಲ. ಪಾಪ, ಪಟ್ಟಿ ಹಿಡಿದುಕೊಂಡು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಗಳನ್ನು ಸುತ್ತಿದರು. ಅದೇ ಪುಸ್ತಕ, ಸಾಧ್ಯವಾದರೆ ಅದೇ ಮುದ್ರಣ ಹುಡುಕಿ ತಂದು, ಹಳೇ ನಂಬರು ಹಾಕಿ ಇಟ್ಟರು. ಅವರ ಜಾಗಕ್ಕೆ ಬಂದವರು ಇದನ್ನೆಲ್ಲ ಕಣ್ಣಾರೆ ಕಂಡಿದ್ದರು. ಬಂದ ವಾರವೇ ಬೀರುಗಳಿಗೆ ಹೊಸ ಬೀಗ ತರಿಸಿದರು. ಆ ಮನುಷ್ಯನನ್ನು ಯಾವ ಬಾಯಲ್ಲಿ ಬೈಯಲಿ?

ಇದಕ್ಕೆ ಪರಿಹಾರ ನಾವೇನೂ ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೇ ನಿಯಮ ನೋಡಿ. ವರ್ಷದಲ್ಲಿ ಎರವಲು ಹೋದ ಅಥವಾ ಅಲ್ಲೇ ಕೂತು ಓದಲು ತೆಗೆದ ಪ್ರತಿ ಸಾವಿರ ಸಂಪುಟಕ್ಕೆ ಐದು ಸಂಪುಟ ಕಳೆದರೆ, ಅಪ್ರಾಮಾಣಿಕತೆಯೋ ನಿರ್ಲಕ್ಷ್ಯವೋ ಕಾರಣವಲ್ಲದಿದ್ದರೆ, ಅದು ಸಹಜ ನಷ್ಟ ಅಂತ ಆ ನಿಯಮವೇ ಒಪ್ಪುತ್ತದೆ. ಸಾವಿರ ರೂಪಾಯಿ ಮೀರಿದ ಪುಸ್ತಕ ಅಥವಾ ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಕಡ್ಡಾಯ. ನಿಯಮ ಬರೆದವರ ಜಾಣತನ ನೋಡಿ. ಐದು ಅನ್ನುವುದು ಬೀರುವಿನಲ್ಲಿರುವ ಪುಸ್ತಕದ ಲೆಕ್ಕದ ಮೇಲಲ್ಲ, ಓದಲು ಹೋದ ಪುಸ್ತಕದ ಲೆಕ್ಕದ ಮೇಲೆ. ವರ್ಷಕ್ಕೆ ಹತ್ತು ಸಾವಿರ ಸಲ ಪುಸ್ತಕ ಓದಿಸಿದ ಲೈಬ್ರರಿಗೆ ಐವತ್ತು ಪುಸ್ತಕದ ರಿಯಾಯಿತಿ. ಬೀಗ ಹಾಕಿಟ್ಟವರಿಗೆ ಸೊನ್ನೆ. ಎಣಿಕೆಯ ವಿಚಾರದಲ್ಲೂ ಆ ನಿಯಮ ಹದವಾಗಿದೆ: ಇಪ್ಪತ್ತು ಸಾವಿರದವರೆಗಿನ ಸಂಗ್ರಹವಾದರೆ ವರ್ಷಕ್ಕೊಮ್ಮೆ, ಐವತ್ತು ಸಾವಿರದವರೆಗೆ ಮೂರು ವರ್ಷಕ್ಕೊಮ್ಮೆ, ಅದಕ್ಕಿಂತ ದೊಡ್ಡದಾದರೆ ಮೂರು ವರ್ಷದೊಳಗೆ ಒಮ್ಮೆ ಸ್ಯಾಂಪಲ್ ತೆಗೆದು ಪರಿಶೀಲನೆ.

ಇದು ಕೇಂದ್ರದ ಇಲಾಖೆಗಳಿಗೆ ಮಾಡಿದ ನಿಯಮ. ನಮ್ಮ ಕಾಲೇಜುಗಳಿಗೆ ತಾನಾಗಿ ಬರುವುದಿಲ್ಲ. ನಮ್ಮಲ್ಲೂ ಇಂಥದ್ದೊಂದು ಆದೇಶ ಯಾವುದಾದರೂ ಫೈಲಿನಲ್ಲಿ ಮಲಗಿದ್ದರೆ, ಅದು ಕಾಲೇಜಿನ ಗ್ರಂಥಪಾಲಕರ ಮೇಜಿನವರೆಗೆ ಬಂದದ್ದನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿಲ್ಲ. ಆರ್ಥಿಕ ಇಲಾಖೆಯ ಒಪ್ಪಿಗೆ ಪಡೆದು ತಾವು ಅದೇ ಅರ್ಥದ ಒಂದು ಆದೇಶ ಹೊರಡಿಸಿದರೆ ಸಾಕು. ಒಂದು ಪುಟದ ಕಾಗದ. ಕೆಲವು ವಿವಿಗಳಿಗೆ ಕೊಡುವ ಕಟ್ಟಡದ ಅನುದಾನದಲ್ಲಿ ಒಂದು ಕಿಟಕಿಯ ಖರ್ಚೂ ಇದಕ್ಕೆ ಬೇಡ.

ಬೀರು ತೆರೆದರೆ ಎಲ್ಲವೂ ಕಳುವಾಗುತ್ತದೆ ಅನ್ನುವ ಭಯ ಹೊಸದಲ್ಲ. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯದ ಮೊದಲ ಗ್ರಂಥಪಾಲಕರಾದ ಎಸ್.ಆರ್. ರಂಗನಾಥನ್ ಅವರಿಗೂ ಅದೇ ಮಾತು ಎದುರಾಗಿತ್ತು. ಗಣಿತದ ಮೇಷ್ಟ್ರು, ಇಂಗ್ಲೆಂಡಿಗೆ ಹೋಗಿ ಅಲ್ಲಿನ ಲೈಬ್ರರಿಗಳಲ್ಲಿ ಜನ ಕಪಾಟಿನ ನಡುವೆ ಓಡಾಡಿ ತಾವೇ ಪುಸ್ತಕ ತೆಗೆದುಕೊಳ್ಳುವುದನ್ನು ನೋಡಿ ಬಂದರು, ಮದ್ರಾಸಿನಲ್ಲೂ ಕಪಾಟು ತೆರೆದರು. 1931ರಲ್ಲಿ ಅವರು ಹೇಳಿದ ಐದು ಸೂತ್ರಗಳಲ್ಲಿ ಮೊದಲನೆಯದು ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು. ಎರಡನೆಯದು ಪ್ರತಿ ಓದುಗನಿಗೂ ಅವನ ಪುಸ್ತಕ, ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗ. ತೆರೆದ ಕಪಾಟಿಲ್ಲದೆ ಈ ಮೂರನೆಯದು ನಡೆಯುವ ಮಾತೇ ಅಲ್ಲ, ಹೆಸರೇ ಗೊತ್ತಿಲ್ಲದ ಪುಸ್ತಕವನ್ನು ಯಾರು ಚೀಟಿಯಲ್ಲಿ ಬರೆಯುತ್ತಾರೆ? ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. 1962ರಲ್ಲಿ ಅವರು ಇಲ್ಲಿ ಕಟ್ಟಿದ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಮೈಸೂರು ರಸ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆವರಣದಲ್ಲಿ ಇಂದಿಗೂ ಇದೆ. 1972ರಲ್ಲಿ ತೀರಿಕೊಂಡದ್ದೂ ಬೆಂಗಳೂರಿನಲ್ಲಿ. ಪ್ರತಿವರ್ಷ ಆಗಸ್ಟ್ 12ರಂದು ಗ್ರಂಥಪಾಲಕರ ದಿನ ಅಂತ ನಮ್ಮ ಕಾಲೇಜುಗಳಲ್ಲಿ ಅವರ ಫೋಟೋಗೆ ಹಾರ ಹಾಕುತ್ತಾರೆ. ಫೋಟೋ ಇಡುವುದು ಬೀಗ ಹಾಕಿದ ಬೀರುವಿನ ಮುಂದೆ. ಅದರ ತಮಾಷೆ ಯಾರಿಗೂ ಹೊಳೆದಂತೆ ಕಾಣುವುದಿಲ್ಲ.

ಹಳ್ಳಿಯ ಕಡೆ ನೋಡಿದರೆ ಇನ್ನೂ ವಿಚಿತ್ರ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಹೋದ ಮೇಲೆ ಎಷ್ಟೋ ಕಡೆ ಚೇತರಿಸಿಕೊಂಡವು. ಈಗ ಅವುಗಳ ಹೆಸರು ಅರಿವು ಕೇಂದ್ರ. ಗೋಡೆಗೆ ಬಣ್ಣ ಬಳಿದು, ಮಕ್ಕಳ ಎತ್ತರಕ್ಕೆ ಸರಿಯಾಗಿ ತಗ್ಗಿನ ಕಪಾಟು ಮಾಡಿಸಿ, ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟ ಕೇಂದ್ರಗಳನ್ನು ನಾನೇ ನೋಡಿದ್ದೇನೆ. ನಾಲ್ಕನೇ ಕ್ಲಾಸಿನ ಮಗು ತನಗೆ ಬೇಕಾದ ಪುಸ್ತಕವನ್ನು ತಾನೇ ಎಳೆದುಕೊಂಡು ನೆಲದ ಮೇಲೆ ಕೂತು ಓದುತ್ತದೆ. ಅದೇ ಮಗು ಹದಿನೆಂಟು ತುಂಬಿ, ವೋಟು ಹಾಕುವ ಹಕ್ಕು ಪಡೆದು ನಮ್ಮ ಡಿಗ್ರಿ ಕಾಲೇಜಿಗೆ ಬಂದರೆ ಕೌಂಟರಿನ ಈಚೆ ನಿಲ್ಲಿಸುತ್ತೇವೆ.

ಬೀಗದ ಕೈ ಒಬ್ಬರ ಹತ್ತಿರ ಇದ್ದಾಗ ಅದರ ಜೊತೆಗೆ ಇನ್ನೊಂದು ಅಧಿಕಾರವೂ ಸದ್ದಿಲ್ಲದೆ ಬಂದು ಸೇರಿಕೊಳ್ಳುತ್ತದೆ. ಯಾರು ಏನು ಓದಬೇಕು ಎಂದು ತೀರ್ಮಾನಿಸುವ ಅಧಿಕಾರ. ಬಿ.ಕಾಂ. ಹುಡುಗ ಕವನ ಸಂಕಲನ ಕೇಳಿದರೆ "ಇದು ನಿನ್ನ ಸಬ್ಜೆಕ್ಟೇನಪ್ಪಾ?" ಹುಡುಗಿ ಕಾದಂಬರಿ ಕೇಳಿದರೆ "ಪರೀಕ್ಷೆ ಹತ್ತಿರ ಬಂತು, ಕಥೆ ಪುಸ್ತಕ ಯಾಕಮ್ಮ?" ಹೆಣ್ಣಿನ ದೇಹ, ಆರೋಗ್ಯದ ಕುರಿತ ಪುಸ್ತಕ ಇದ್ದರೂ ಅದನ್ನು ಚೀಟಿಯಲ್ಲಿ ಬರೆದು ಗಂಡಸು ಅಟೆಂಡರ್ ಕೈಗೆ ಕೊಡುವ ಧೈರ್ಯ ಯಾವ ಹುಡುಗಿಗಿದೆ? ಜಾತಿಯ ಬಗ್ಗೆ, ಧರ್ಮದ ಬಗ್ಗೆ ಚರ್ಚೆ ಎಬ್ಬಿಸಿದ ಪುಸ್ತಕಗಳಂತೂ ಎಲ್ಲಕ್ಕಿಂತ ಒಳಗಿನ ಬೀರುವಿನಲ್ಲಿ. ಪ್ರಿನ್ಸಿಪಾಲರಿಗೆ ಯಾರೋ ಬಂದು "ಇಂಥ ಪುಸ್ತಕ ಇಟ್ಟಿದ್ದೀರಂತೆ" ಅಂದರೆ ಮುಗಿಯಿತು. ಬರೆದುಕೊಡಿ ಅಂತ ಕೇಳುವುದಿಲ್ಲ, ಓದಿ ನೋಡುವುದಿಲ್ಲ. "ಸದ್ಯಕ್ಕೆ ಒಳಗಿಡಿ" ಅನ್ನುವ ಬಾಯಿಮಾತಿನ ಆಜ್ಞೆ. ಆ ಸದ್ಯ ಮುಗಿಯುವುದೇ ಇಲ್ಲ.

ಮಾನ್ಯರೇ, ಪುಸ್ತಕವೊಂದನ್ನು ಮುಟ್ಟುಗೋಲು ಹಾಕಿಕೊಳ್ಳುವುದಕ್ಕೆ ಈ ದೇಶದಲ್ಲಿ ಒಂದು ಕ್ರಮ ಇದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 95ನೇ ಕಲಂ, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 98ನೇ ಕಲಂ. ಅದರಂತೆ ರಾಜ್ಯ ಸರ್ಕಾರವೇ ಅಧಿಸೂಚನೆ ಹೊರಡಿಸಬೇಕು, ಯಾಕೆ ಅಂತ ಕಾರಣ ಕೊಡಬೇಕು. ಅದನ್ನು ಒಪ್ಪದವರು ಎರಡು ತಿಂಗಳೊಳಗೆ ಹೈಕೋರ್ಟಿಗೆ ಹೋಗಬಹುದು, ಅಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಕೇಳಬೇಕು. ಆ ಕಲಮೇ ಅತಿಯಾಯಿತು ಅನ್ನುವವರಲ್ಲಿ ನಾನೂ ಒಬ್ಬ, ಆ ವಾದ ಈಗ ಬೇಡ. ಸರ್ಕಾರಕ್ಕೇ ಇಷ್ಟೊಂದು ಕಟ್ಟುಪಾಡು ಇರುವಾಗ ಕಾಲೇಜಿನಲ್ಲಿ ಒಂದು ಬೀಗದ ಕೈ ಕಾರಣ ಕೊಡದೆ, ಕಾಗದವಿಲ್ಲದೆ, ಅಪೀಲಿಗೆ ಅವಕಾಶವಿಲ್ಲದೆ ಅದೇ ಕೆಲಸ ಮಾಡುತ್ತಿದೆ. ತಮಿಳು ಕಾದಂಬರಿಯೊಂದರ ಗಲಾಟೆಯಲ್ಲಿ 2016ರಲ್ಲಿ ಮದ್ರಾಸ್ ಹೈಕೋರ್ಟ್ ತೀರ್ಪು ಕೊಡುತ್ತಾ, ಪುಸ್ತಕ ಓದಲೇಬೇಕೆಂಬ ಬಲವಂತ ಯಾರಿಗೂ ಇಲ್ಲ, ಇಷ್ಟವಾಗದವರು ಬದಿಗಿಡಬಹುದು ಎಂಬರ್ಥದ ಮಾತು ಹೇಳಿತು. ಬದಿಗಿಡುವ ಹಕ್ಕು ಓದುಗನದು. ಅವನ ಪರವಾಗಿ ನಾವು ಮೊದಲೇ ಬದಿಗಿಟ್ಟುಬಿಡುವುದು ಯಾವ ನ್ಯಾಯ?

ಹಾಗಂತ ಯಾವ ಪುಸ್ತಕವನ್ನೂ ಯಾರೂ ಪ್ರಶ್ನಿಸಬಾರದು ಅಂತ ನನ್ನ ವಾದವಲ್ಲ. ಪೋಷಕರು, ವಿದ್ಯಾರ್ಥಿಗಳು, ಊರಿನವರು ಪ್ರಶ್ನೆ ಮಾಡಲಿ. ಹೆಸರು, ವಿಳಾಸ, ಯಾವ ಪುಟದ ಯಾವ ಸಾಲಿನ ಬಗ್ಗೆ ತಕರಾರು ಅನ್ನುವುದನ್ನು ಬರೆದು ಸಹಿ ಮಾಡಿ ಕೊಡಲಿ. ಗ್ರಂಥಾಲಯ ಸಮಿತಿ ಆ ಪುಸ್ತಕವನ್ನು ಓದಿ, ಓದಿದ ಮೇಲೆ, ಉತ್ತರ ಬರೆಯಲಿ. ಅಲ್ಲಿಯತನಕ ಪುಸ್ತಕ ಕಪಾಟಿನಲ್ಲೇ ಇರಲಿ. ಸಹಿ ಹಾಕಿ ಕೊಡಿ ಅಂದ ತಕ್ಷಣ ಮುಕ್ಕಾಲುಪಾಲು ತಕರಾರುಗಳು ಕರಗುತ್ತವೆ ಅನ್ನುವುದು ನನ್ನ ಅಂದಾಜು. ಆದರೂ ಪ್ರಿನ್ಸಿಪಾಲರಿಗೆ ತಮ್ಮ ಸುತ್ತೋಲೆಯ ಬಲ ಬೇಕು. "ನಮ್ಮ ಇಲಾಖೆಯ ಆದೇಶ ಹೀಗಿದೆ" ಅಂತ ತೋರಿಸಲು ಒಂದು ಕಾಗದ ಇಲ್ಲದೆ ಅವರನ್ನು ಮಾತ್ರ ದೂರಿ ಪ್ರಯೋಜನವಿಲ್ಲ.

ಇನ್ನು ಇಶ್ಯೂ ರಿಜಿಸ್ಟರ್. ಕೌಂಟರಿನ ಮೇಲೆ ದಪ್ಪ ಲೆಡ್ಜರ್ ಬಿಚ್ಚಿಯೇ ಇರುತ್ತದೆ. ಯಾವ ಹುಡುಗಿ ಯಾವ ಪುಸ್ತಕ ಒಯ್ದಳು ಅನ್ನುವುದನ್ನು ಮುಂದಿನ ಹುಡುಗ ಸಹಿ ಹಾಕುವ ನೆಪದಲ್ಲಿ ಓದಿಕೊಳ್ಳಬಹುದು. ಕ್ಯಾಂಟೀನಿನಲ್ಲಿ ಅದರ ಮಾತಾಗುತ್ತದೆ. ಹಿಂದೆ ನಮ್ಮ ಕಾಲದಲ್ಲಿ ಬ್ರೌನ್ ಪದ್ಧತಿ ಇತ್ತು. ಅಮೆರಿಕದ ನೀನಾ ಬ್ರೌನ್ ಎಂಬ ಗ್ರಂಥಪಾಲಕಿ ರೂಪಿಸಿದ್ದು. ಓದುಗನ ಹತ್ತಿರ ಚೀಲದಂಥ ಪುಟ್ಟ ರಟ್ಟಿನ ಟಿಕೆಟ್, ಪುಸ್ತಕದ ಒಳಗೆ ಒಂದು ಕಾರ್ಡು. ಪುಸ್ತಕ ಒಯ್ಯುವಾಗ ಆ ಕಾರ್ಡು ಟಿಕೆಟ್ಟಿನೊಳಗೆ ಸೇರಿ ಕೌಂಟರಿನ ಟ್ರೇಯಲ್ಲಿ ಕೂರುತ್ತದೆ. ಪುಸ್ತಕ ಹಿಂತಿರುಗಿಸಿದ ಕೂಡಲೇ ಕಾರ್ಡು ಪುಸ್ತಕಕ್ಕೆ, ಟಿಕೆಟ್ ಓದುಗನಿಗೆ. ಯಾರು ಏನು ಓದಿದರು ಅನ್ನುವ ಗುರುತೇ ಉಳಿಯುವುದಿಲ್ಲ! ಖಾಸಗಿತನ ಅನ್ನುವ ಮಾತು ಯಾರ ಬಾಯಲ್ಲೂ ಇರದ ಕಾಲದಲ್ಲಿ ಆ ಟ್ರೇ ಅದನ್ನು ಕಾಪಾಡುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಎಲ್ಲವೂ ಅದರ ಹೊಟ್ಟೆಯಲ್ಲಿ ಉಳಿಯುತ್ತದೆ. ಕೋಹಾ ಎಂಬ ಉಚಿತ ತಂತ್ರಾಂಶದಲ್ಲಿ ಹಿಂತಿರುಗಿಸಿದ ಪುಸ್ತಕದ ದಾಖಲೆಯಿಂದ ಓದುಗನ ಹೆಸರು ಅಳಿಸುವ ಸೌಲಭ್ಯ ಇದೆ, ಆನ್ ಮಾಡುವವರು ಬೇಕು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರಲ್ಲ, ಆ ಮೊಕದ್ದಮೆಯ ಮೊದಲ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಗಳಾಗಿದ್ದ ಕೆ.ಎಸ್. ಪುಟ್ಟಸ್ವಾಮಿ. ಅವರ ನಾಡಿನ ಕಾಲೇಜುಗಳಲ್ಲಿ ಲೆಡ್ಜರ್ ಬಿಚ್ಚಿಡಬೇಡಿ ಅನ್ನುವ ಒಂದು ಸಾಲಾದರೂ ತಮ್ಮ ಸುತ್ತೋಲೆಯಲ್ಲಿ ಬರಲಿ.

ವೇಳೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲೈಬ್ರರಿ ತೆರೆಯುವುದು ಕ್ಲಾಸಿನ ಹೊತ್ತಿಗೆ, ಮುಚ್ಚುವುದೂ ಕ್ಲಾಸಿನ ಹೊತ್ತಿಗೆ. ಕ್ಲಾಸು ಮುಗಿದ ಮೇಲೆ ಹಳ್ಳಿಯ ಬಸ್ಸು ಕಾಯುವುದಿಲ್ಲ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ದುಡ್ಡಿನ ಚಿಂತೆ ತಪ್ಪಿತು, ಬಸ್ಸಿನ ಟೈಮಿನದು ತಪ್ಪಲಿಲ್ಲ. ಬೆಳಿಗ್ಗೆ ಎಂಟೂವರೆ ಬಸ್ಸಿಗೇ ಬಂದು ಮೆಟ್ಟಿಲ ಮೇಲೆ ಕೂತಿರುವ ಮಕ್ಕಳು ಎಲ್ಲ ಕಾಲೇಜಿನಲ್ಲೂ ಇದ್ದಾರೆ. ಒಂಬತ್ತಕ್ಕೆ ಲೈಬ್ರರಿ ತೆರೆದರೆ ಒಂದು ಗಂಟೆ ಅವರದಾಗುತ್ತದೆ. ಪ್ರತಿ ಕಾಲೇಜಿನ ಬಸ್ಸಿನ ವೇಳೆ ಬೇರೆ, ಆದ್ದರಿಂದ ಬೆಂಗಳೂರಿನಿಂದ ಒಂದೇ ವೇಳಾಪಟ್ಟಿ ದಯವಿಟ್ಟು ಕಳಿಸಬೇಡಿ. ಅಲ್ಲಲ್ಲಿಯ ಪ್ರಿನ್ಸಿಪಾಲರಿಗೆ ಬಿಡಿ.

ಖಾಲಿ ಹುದ್ದೆಗಳ ವಿಚಾರ ತಮಗೆ ನನಗಿಂತ ಚೆನ್ನಾಗಿ ಗೊತ್ತು. ಯುಜಿಸಿ ನಿಯಮದಂತೆ ಕಾಲೇಜು ಗ್ರಂಥಪಾಲಕರದು ಸಹಾಯಕ ಪ್ರಾಧ್ಯಾಪಕರಿಗೆ ಸಮನಾದ ಹುದ್ದೆ, ಅದೇ ವೇತನ ಶ್ರೇಣಿ, ಎನ್‌ಇಟಿ, ಎಸ್‌ಎಲ್‌ಇಟಿಯಂಥ ಅರ್ಹತೆ ಬೇಕು. ಹುದ್ದೆ ಖಾಲಿಯಾದ ಕಡೆ ದೈಹಿಕ ಶಿಕ್ಷಣ ನಿರ್ದೇಶಕರಿಗೋ ಇತಿಹಾಸದ ಉಪನ್ಯಾಸಕರಿಗೋ ಪ್ರಭಾರ ಕೊಡುತ್ತಾರೆ. ಅವರು ಮಾಡುವ ಮೊದಲ ಕೆಲಸ ಬೀಗ ಹಾಕುವುದು. ಯಾಕೆ ಅಂತ ಆಗಲೇ ಹೇಳಿದೆ.

ಎಲ್ಲವೂ ಮೊಬೈಲಿನಲ್ಲಿದೆ, ಬೀರುವಿನ ಚಿಂತೆ ಯಾಕೆ ಅನ್ನುವವರಿಗೆ ಒಂದು ಮಾತು. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಂದು ರಾಷ್ಟ್ರ ಒಂದು ಚಂದಾ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ ಆರು ಸಾವಿರ ಕೋಟಿ ರೂಪಾಯಿ, ಮೂವತ್ತು ದೊಡ್ಡ ಪ್ರಕಾಶಕರ ಸುಮಾರು ಹದಿಮೂರು ಸಾವಿರ ನಿಯತಕಾಲಿಕಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ. ನಿಜಕ್ಕೂ ದೊಡ್ಡ ಕೆಲಸ. ತಾಲ್ಲೂಕಿನ ಹುಡುಗನಿಗೂ ದೊಡ್ಡ ವಿಶ್ವವಿದ್ಯಾನಿಲಯದವನಿಗೂ ಒಂದೇ ಬಾಗಿಲು. ಅದಕ್ಕೂ ಮೊದಲಿನಿಂದ ಕಾಲೇಜುಗಳಿಗೆ ಇ-ಪುಸ್ತಕ, ಇ-ನಿಯತಕಾಲಿಕ ಒದಗಿಸುವ ಎನ್-ಲಿಸ್ಟ್ ಇದೆ, ಲಕ್ಷಗಟ್ಟಲೆ ಇ-ಪುಸ್ತಕಗಳಿವೆ. ಆದರೆ ಎನ್-ಲಿಸ್ಟಿನಲ್ಲಿ ಪ್ರತಿ ವಿದ್ಯಾರ್ಥಿಗೂ ಕಾಲೇಜೇ ಲಾಗಿನ್ ಮಾಡಿಕೊಡಬೇಕು. ಆ ಕೆಲಸ ಮಾಡುವವರು ಗ್ರಂಥಪಾಲಕರು. ಅವರೇ ಇಲ್ಲದ ಕಡೆ ಅದಕ್ಕೂ ಬೀಗ ಬಿದ್ದ ಹಾಗೆಯೇ. ಜೊತೆಗೆ, ಅಲ್ಲಿರುವುದು ಬಹುಪಾಲು ಇಂಗ್ಲಿಷ್. ಕನ್ನಡದಲ್ಲಿ ಓದಿ ಬಂದ ಬಿ.ಎ. ವಿದ್ಯಾರ್ಥಿನಿಗೆ ಬೇಕಾದ ಕಥೆ, ಚರಿತ್ರೆ, ವಿಮರ್ಶೆ, ಊರಿನ ದೇವಸ್ಥಾನದ ಶಾಸನ ಇವೆಲ್ಲ ಇನ್ನೂ ಆ ಗಾಜಿನ ಬಾಗಿಲ ಹಿಂದೆಯೇ ಇವೆ.

ಮಾರ್ಚ್ ತಿಂಗಳಿನ ಖರೀದಿಯ ಕಥೆಯನ್ನು ಇನ್ನೊಂದು ಪತ್ರಕ್ಕೆ ಇಟ್ಟುಕೊಳ್ಳುತ್ತೇನೆ. ಹಣ ವಾಪಸ್ ಹೋಗುತ್ತದೆ ಅಂತ ಗಡಿಬಿಡಿಯಲ್ಲಿ, ಸರಬರಾಜುದಾರರು ತಂದ ಪಟ್ಟಿಗೇ ಸಹಿ ಹಾಕಿ, ಒಂದೇ ಗೈಡಿನ ಇಪ್ಪತ್ತು ಪ್ರತಿ ಬಂದು ಕೂರುವುದು ತಮಗೂ ತಿಳಿಯದ ವಿಷಯವಲ್ಲ. ಸದ್ಯಕ್ಕೆ ಇಷ್ಟು ಮಾಡಿದರೆ ಸಾಕು: ಲೈಬ್ರರಿಯ ಬಾಗಿಲಲ್ಲಿ ಒಂದು ನೋಟ್‌ಬುಕ್ ಇಡಿಸಿ, ಯಾವ ಪುಸ್ತಕ ತರಿಸಬೇಕು ಅಂತ ಮಕ್ಕಳೇ ವರ್ಷವಿಡೀ ಬರೆಯಲಿ, ಖರೀದಿಯ ಕಡತದಲ್ಲಿ ಆ ಪುಟಗಳ ಪ್ರತಿ ಇರಬೇಕು ಅಂತ ಹೇಳಿ.

ತಾವು ಕೇಳಬಹುದು, ಎಲ್ಲವನ್ನೂ ಒಂದೇ ಸಲ ತೆರೆಯಿರಿ ಅಂತಲೇ ನಿನ್ನ ವಾದವೇ ಎಂದು. ಬೇಡ. ಅಪರೂಪದ ಹಳೇ ಮುದ್ರಣ, ಹಸ್ತಪ್ರತಿ, ದುಬಾರಿ ಆಕರ ಗ್ರಂಥ ಬೀರುವಿನಲ್ಲೇ ಇರಲಿ. ಎಸ್‌ಸಿ ಎಸ್‌ಟಿ ಮಕ್ಕಳ ಬುಕ್ ಬ್ಯಾಂಕಿನ ಪುಸ್ತಕಗಳ ವ್ಯವಸ್ಥೆ ಬೇರೆಯದು, ಅದು ಹಾಗೇ ನಡೆಯಲಿ. ಮೊದಲು ಕನ್ನಡದ ಸಾಲು ತೆರೆಯಿರಿ, ಅದರ ಬೆಲೆಯೂ ಕಡಿಮೆ, ಓದುಗರೂ ಹೆಚ್ಚು. ಕೌಂಟರನ್ನು ಬಾಗಿಲ ಪಕ್ಕಕ್ಕೆ ಸರಿಸಿ, ಬ್ಯಾಗು ಹೊರಗಿಟ್ಟು ಒಳಗೆ ಬಿಡಿ. ಹೋಗುವಾಗ ಕೈಯಲ್ಲಿರುವ ಪುಸ್ತಕ ನೋಡಿ ಕಳಿಸಿದರಾಯಿತು. ಪುಸ್ತಕ ತಪ್ಪು ಜಾಗಕ್ಕೆ ಹೋಗುತ್ತದೆ ಅನ್ನುವ ದೂರು ಖಂಡಿತ ಬರುತ್ತದೆ. ಹೋಗುತ್ತದೆ, ನಿಜ. ಸಂಜೆ ಅರ್ಧ ಗಂಟೆ ಜೋಡಿಸಿಡಬೇಕಾಗುತ್ತದೆ. ಎನ್‌ಎಸ್‌ಎಸ್ ಮಕ್ಕಳಿಗೆ ರಸ್ತೆ ಬದಿಯ ಪಾರ್ಥೇನಿಯಂ ಕೀಳುವ ಕೆಲಸದ ಜೊತೆಗೆ ಇದನ್ನೂ ಕೊಡಬಹುದು.

ಬರುವ ವರ್ಷದ ಪ್ರವೇಶ ಶುರುವಾಗುವ ಮೊದಲು ಆದೇಶ ಬಂದರೆ ಅನುಕೂಲ. ಶುಲ್ಕದ ರಶೀದಿಯಲ್ಲಿ ಗ್ರಂಥಾಲಯ ಶುಲ್ಕ ಅಂತ ಪ್ರತಿ ವಿದ್ಯಾರ್ಥಿಯಿಂದಲೂ ಹಣ ತೆಗೆದುಕೊಳ್ಳುತ್ತೇವೆ. ಆದೇಶದಲ್ಲಿ ನಾಲ್ಕು ವಿಷಯ ಸ್ಪಷ್ಟವಾಗಿರಲಿ. ಸಹಜ ನಷ್ಟಕ್ಕೆ ಗ್ರಂಥಪಾಲಕರು ಹೊಣೆಯಲ್ಲ. ಕನ್ನಡ ಮತ್ತು ಸಾಮಾನ್ಯ ಓದಿನ ಕಪಾಟುಗಳು ತೆರೆದಿರಬೇಕು. ಲಿಖಿತ ದೂರು, ಲಿಖಿತ ಉತ್ತರ ಇಲ್ಲದೆ ಯಾವ ಪುಸ್ತಕವನ್ನೂ ಒಳಗಿಡುವಂತಿಲ್ಲ. ಯಾರು ಏನು ಓದುತ್ತಾರೆ ಎನ್ನುವುದು ಮೂರನೆಯವರಿಗೆ ಕಾಣುವಂತಿಲ್ಲ.

ಇದರ ಜೊತೆಗೇ ಆಗಬೇಕಾದ ಇನ್ನೊಂದು ಕೆಲಸವಿದೆ. ಪುಸ್ತಕ ಕಳೆದ ಲೆಕ್ಕಕ್ಕೆ ಬಾಕಿ ಇಲ್ಲ ಎಂಬ ಪ್ರಮಾಣಪತ್ರ ಸಿಗದೆ ಪಿಂಚಣಿ, ಗ್ರಾಚ್ಯುಟಿ ತಡೆಹಿಡಿಯಲಾದ ನಿವೃತ್ತ ಗ್ರಂಥಪಾಲಕರು ಎಷ್ಟು ಜನ ಇದ್ದಾರೆ ಎಂದು ಜಂಟಿ ನಿರ್ದೇಶಕರ ಕಚೇರಿಗಳಿಂದ ಪಟ್ಟಿ ತರಿಸಿಕೊಳ್ಳಿ. ಪ್ರತಿಯೊಬ್ಬರ ಕಾಲದಲ್ಲಿ ಎಷ್ಟು ಪುಸ್ತಕ ಓದಲು ಹೋಗಿತ್ತು ಅನ್ನುವುದನ್ನೂ ಅದೇ ಪಟ್ಟಿಯಲ್ಲಿ ಕೇಳಿ. ಸಾವಿರಕ್ಕೆ ಐದರ ಲೆಕ್ಕ ಹಾಕಿ, ಅದರೊಳಗೆ ಬರುವವರ ಕಾಗದಗಳನ್ನು ಮೊದಲು ಬಿಡುಗಡೆ ಮಾಡಿಸಿ. ಈಗ ಸೇವೆಯಲ್ಲಿರುವವರು ಸುತ್ತೋಲೆಯನ್ನು ನಂಬುವುದು ಅದನ್ನು ನೋಡಿದ ಮೇಲೆಯೇ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕನ್ನಡ ಅಧ್ಯಾಪಕ

ಪ್ರತಿ: ಎಲ್ಲ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಪ್ರಾಂಶುಪಾಲರಿಗೆ, ಗ್ರಂಥಪಾಲಕರಿಗೆ ಮತ್ತು ಕೌಂಟರಿನ ಈಚೆ ನಿಂತಿರುವ ವಿದ್ಯಾರ್ಥಿಗಳಿಗೆ